ಸೂಟಿಗೆ ಯಾವ ಕಲರ್ ಶೂಸ್?

ದಾವಣಗೆರೆಯಲ್ಲಿ ಸೂಟ್ ಹೊಲಿಯುವ ನನ್ನ ಹತ್ತಿರ ಬಟ್ಟೆಯ ಬಗ್ಗೆ ಕೇಳುವವರು ಕಡಿಮೆ. ಅದನ್ನು ಮನೆಮಂದಿಯೆಲ್ಲಾ ಸೇರಿ ಮಂಡಿಪೇಟೆಯಲ್ಲಿ ಆರಿಸಿಯೇ ತಂದಿರುತ್ತಾರೆ. ಅಳತೆ ಕೊಟ್ಟು ಹೊರಟವರು ಬಾಗಿಲ ಹತ್ತಿರ ನಿಂತು ಕೇಳುತ್ತಾರೆ: “ಅಣ್ಣಾರೆ, ಇದಕ್ಕೆ ಯಾವ ಕಲರ್ ಶೂಸ್ ತಗೊಳ್ಲಿ?”

ನಾನು ಹೇಳುವುದು ಇಷ್ಟೇ. ಪ್ಯಾಂಟ್ ಎಷ್ಟು ಗಾಢವೋ ಶೂಸ್ ಹೆಚ್ಚುಕಮ್ಮಿ ಅಷ್ಟೇ ಗಾಢವಾಗಿರಲಿ. ಇನ್ನೂ ಸ್ವಲ್ಪ ಗಾಢವಾದರೆ ಒಳ್ಳೆಯದೇ. ಗಾಢ ಪ್ಯಾಂಟಿನ ಕೆಳಗೆ ತಿಳಿ ಬಣ್ಣದ ಶೂಸ್ ಬಂದರೆ ನೋಡುವವರ ಕಣ್ಣು ಸೀದಾ ಕಾಲಿಗೇ ಹೋಗುತ್ತದೆ. ಸೂಟಿಗೆ ಕೊಟ್ಟ ದುಡ್ಡು ದಂಡ.

ಈಗ ರಿಸೆಪ್ಷನ್‌ಗೆ ಹೊಲಿಸುವವರಿಗೆ ನೇವಿ ಬ್ಲೂ ಹುಚ್ಚು. ಜೊತೆಗೆ ಮೊಬೈಲಿನಲ್ಲಿ ಒಂದು ಫೋಟೊ: ನೀಲಿ ಸೂಟು, ಕೆಳಗೆ ಹೊಳೆಯುವ ಟ್ಯಾನ್, ಅಂದರೆ ತಿಳಿ ಕಂದು ಶೂಸ್. ಹಗಲು ಬೆಳಕಲ್ಲಿ, ಸ್ವಲ್ಪ ತಿಳಿ ನೀಲಿಗೆ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ನಮ್ಮ ರಿಸೆಪ್ಷನ್ ನಡೆಯುವುದು ರಾತ್ರಿ. ಸ್ಟೇಜಿನ ಲೈಟಿಗೆ ಟ್ಯಾನ್ ಹೋಗಿ ಕಿತ್ತಳೆ ಬಣ್ಣ ಆಗಿರುತ್ತದೆ, ಆಲ್ಬಂ ತುಂಬಾ ಅದೇ. ನೇವಿಗೆ ಕಾಫಿ ಬ್ರೌನ್ ತಗೊಳ್ಳಿ. ಅದಕ್ಕಿಂತಲೂ ನನಗೆ ಇಷ್ಟ ಚೆರ್ರಿ, ಅಂದರೆ ಕೆಂಪು ಬೆರೆತ ಗಾಢ ಕಂದು. ನೀಲಿ ಜೊತೆ ಅದರ ಹೊಂದಿಕೆಯೇ ಬೇರೆ. ಯಾಕೋ ನಮ್ಮ ಹುಡುಗರು ಅದನ್ನು ಕೈಗೇ ಎತ್ತಿಕೊಳ್ಳುವುದಿಲ್ಲ. ಕಪ್ಪೂ ನಡೆಯುತ್ತದೆ, ಸ್ವಲ್ಪ ಆಫೀಸ್ ಕಳೆ ಬರುತ್ತದೆ ಅಷ್ಟೆ.

ಕಪ್ಪು ಸೂಟಿಗೆ ಕಪ್ಪೇ. ಚರ್ಚೆ ಬೇಡ. ಚಾರ್ಕೋಲ್‌ಗೆ, ಅಂದರೆ ಇದ್ದಿಲಿನಂಥ ಗಾಢ ಬೂದಿಗೆ, ಕಪ್ಪು ಅಥವಾ ಚೆರ್ರಿ. ತಿಳಿ ಬೂದಿಗೆ ಬ್ರೌನ್, ಟ್ಯಾನ್ ಎರಡೂ ಸರಿ. ಟ್ಯಾನ್ ಆಸೆ ಇದ್ದವರು ಇಲ್ಲಿ ತೀರಿಸಿಕೊಳ್ಳಿ. ಬ್ರೌನ್ ಸೂಟಿಗೆ ಅದಕ್ಕಿಂತ ಒಂದು ಶೇಡ್ ಗಾಢ ಇರಲಿ. ಪೂರ್ತಿ ಒಂದೇ ಬ್ರೌನ್ ಆದರೆ ಯೂನಿಫಾರಂ ಥರ ಕಾಣುತ್ತದೆ.

ಇಂಟರ್‌ವ್ಯೂಗೆ ಹೋಗುವ ಇಂಜಿನಿಯರಿಂಗ್ ಹುಡುಗರಿಗೆ ಮಾತ್ರ ನಾನು ಬೇರೆ ಯೋಚನೆಯನ್ನೇ ಕೊಡುವುದಿಲ್ಲ. ಕಪ್ಪು ಶೂಸ್. ಬ್ರೌನ್ ಕೆಟ್ಟದ್ದು ಅಂತಲ್ಲ. ಲಂಡನ್ನಿನ ಸಾಹೇಬರಲ್ಲಿ, ‘ಸಿಟಿ’ ಅನ್ನುವ ಅಲ್ಲಿನ ಬ್ಯಾಂಕುಗಳ ಪೇಟೆಗೆ ಕೆಲಸಕ್ಕೆ ಹೋಗುವಾಗ ಬ್ರೌನ್ ಹಾಕಬಾರದು ಅನ್ನುವ ಹಳೇ ರೂಢಿ ಇತ್ತು. ಅದು ಪೂರ್ತಿ ಹೋಗಿಲ್ಲ. ಸೂಟಿಗೆ ಬ್ರೌನ್ ಶೂಸ್ ಹಾಕಿ ಬಂದವರನ್ನು ಅಲ್ಲಿನ ಇನ್‌ವೆಸ್ಟ್‌ಮೆಂಟ್ ಬ್ಯಾಂಕುಗಳಲ್ಲಿ ಕೆಲವರು ಒಪ್ಪುವುದಿಲ್ಲ ಎಂದು 2016ರಲ್ಲಿ ಬ್ರಿಟನ್ನಿನ ಸೋಷಿಯಲ್ ಮೊಬಿಲಿಟಿ ಕಮಿಷನ್ ವರದಿಯೇ ಬಂತು. ಇಂಥ ಬರೆಯದ ನಿಯಮಗಳು ಗೊತ್ತಿಲ್ಲದ ಸಾಧಾರಣ ಮನೆಯ ಮಕ್ಕಳಿಗೆ ಅದರಿಂದ ತೊಂದರೆ ಅನ್ನುವುದು ಅದರ ಮಾತು. ಶೂಸ್ ಬಣ್ಣ ನೋಡಿ ಕೆಲಸ ಕೊಡುವುದು ಎಂಥಾ ನ್ಯಾಯ ಹೇಳಿ! ಇಲ್ಲಿ ಯಾರೂ ಹಾಗೆ ಅಳೆಯಲಿಕ್ಕಿಲ್ಲ. ಆದರೂ ಎದುರು ಕೂತವರ ತಲೆಯಲ್ಲಿ ಏನಿದೆಯೋ, ಸುಮ್ನೆ ಯಾಕೆ ರಿಸ್ಕು?

ಕಪ್ಪಿಗೆ ನಮ್ಮೂರಲ್ಲಿ ಒಂದು ಕಷ್ಟ, ಧೂಳು. ಬೈಕಿಂದ ಇಳಿಯುವಷ್ಟರಲ್ಲಿ ಬೂದಿ ಬಳಿದ ಹಾಗಾಗಿರುತ್ತದೆ. ಜೇಬಲ್ಲಿ ಒಂದು ಹಳೇ ಬಟ್ಟೆ ತುಂಡು ಇಟ್ಟುಕೊಳ್ಳಿ.

ತುಂಡು ಅಂದಾಗ ನೆನಪಾಯಿತು. ಕಟಿಂಗ್ ಆದಮೇಲೆ ಉಳಿದ ಸೂಟಿನ ಬಟ್ಟೆ ಕೇಳಿ ಇಸ್ಕೊಳ್ಳಿ, ಶೂಸ್ ಅಂಗಡಿಗೆ ಅದನ್ನೇ ಒಯ್ಯಿರಿ. ಒಳಗಿನ ಲೈಟಲ್ಲಿ ನೋಡಬೇಡಿ. ಹೊರಗೆ ಬಂದು ಬಿಸಿಲಿಗೆ ಎರಡನ್ನೂ ಹಿಡಿದು ನೋಡಿ. ಒಂದು ಬ್ರೌನ್ ತೀರಾ ತಿಳಿ ಅನಿಸಿದರೂ ಚಿಂತೆ ಇಲ್ಲ, ಗಾಢ ಪಾಲಿಶ್ ಹಚ್ಚುತ್ತಾ ಹೋದರೆ ಚರ್ಮ ನಿಧಾನಕ್ಕೆ ಬಣ್ಣ ಎಳೆದುಕೊಳ್ಳುತ್ತದೆ. ಗಾಢ ಇದ್ದದ್ದನ್ನು ಪಾಲಿಶ್‌ನಿಂದ ತಿಳಿ ಮಾಡಕ್ಕಾಗಲ್ಲ.

ಬೆಲ್ಟು ಶೂಸ್ ಬಣ್ಣದ್ದು, ಸಾಕ್ಸು ಪ್ಯಾಂಟಿನ ಬಣ್ಣದ್ದು. ಸಾಕ್ಸ್ ಯಾರು ನೋಡ್ತಾರೆ ಅನ್ನಬೇಡಿ. ಅಕ್ಷತೆ ಹಾಕಲು ಮಂಟಪ ಹತ್ತುವಾಗ ಶೂಸ್ ಕೆಳಗೇ ಬಿಡಬೇಕು, ಅಲ್ವಾ? ಹೆಬ್ಬೆರಳು ಇಣುಕುವ ತೂತು ಆಗ ಊರಿಗೆಲ್ಲಾ ದರ್ಶನ.

ಇನ್ನೊಂದು, ದಯವಿಟ್ಟು ಟ್ರಯಲ್‌ಗೆ ಚಪ್ಪಲಿ ಹಾಕಿಕೊಂಡು ಬರಬೇಡಿ. ಶೂಸ್ ಮೊದಲೇ ಕೊಂಡು ಹಾಕಿಕೊಂಡೇ ಬನ್ನಿ. ಹಿಮ್ಮಡಿ ಎತ್ತರ ಗೊತ್ತಾಗದೆ ಪ್ಯಾಂಟಿನ ಉದ್ದ ನಿಲ್ಲಿಸಲು ಆಗುವುದಿಲ್ಲ. ಕಾಲಿನ ಒಳಮಡಿಕೆಯಲ್ಲಿ ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತೇನೆ. ಬೇಕಾದರೆ ಅಲ್ಲೇ ಬಿಚ್ಚಿ ಇಳಿಸಿಕೊಡುತ್ತೇನೆ.