ಹಣೆ ಮಾತ್ರ ಕಾಣುತ್ತಿದ್ದ ಅಪ್ಪಯ್ಯ

ಎರಡು ವರ್ಷ ಮೂರು ತಿಂಗಳು ನಾನು ನೋಡಿದ್ದು ಅಪ್ಪಯ್ಯನ ಹಣೆಯನ್ನು ಮಾತ್ರ. ವಿಡಿಯೋ ಕಾಲ್ ಮಾಡಿದರೆ ಪರದೆಯ ತುದಿಯಲ್ಲಿ ಅರ್ಧ ಹಣೆ, ಉಳಿದಿದ್ದೆಲ್ಲ ಮಾಡಿನ ಹಂಚು. "ಫೋನ್ ಸರಿಯಾಗಿ ಹಿಡಿ ಅಪ್ಪಯ್ಯಾ" ಅಂತ ಪ್ರತಿ ಸಲ ಬೈಯುತ್ತಿದ್ದೆ.

2020ರ ಜನವರಿಯಲ್ಲಿ ಶರಾವತಿ ಹಿನ್ನೀರಿನಾಚೆಯ ನಮ್ಮೂರು ತುಮರಿಯಿಂದ ಮೆಲ್ಬರ್ನ್‌ಗೆ ವಾಪಸಾದವಳು ಮತ್ತೆ ಊರಿಗೆ ಹೊರಟಿದ್ದು 2022ರ ಏಪ್ರಿಲ್‌ನಲ್ಲಿ. ನಡುವೆ ಮೆಲ್ಬರ್ನ್ ಒಟ್ಟು 262 ದಿನ ಲಾಕ್‌ಡೌನ್‌ನಲ್ಲಿ ಕಳೆಯಿತು. 2021ರ ನವೆಂಬರ್ 1ರವರೆಗೆ ಅನುಮತಿ ಇಲ್ಲದೆ ನಾವು ಆಸ್ಟ್ರೇಲಿಯಾ ಬಿಟ್ಟು ಹೊರಡುವಂತೆಯೇ ಇರಲಿಲ್ಲ. ಆಮೇಲೆ ಟಿಕೆಟ್ ಹುಡುಕುವಷ್ಟರಲ್ಲಿ ಓಮಿಕ್ರಾನ್ ಬಂತು.

ಹೊರಡುವ ಮುಂಚಿನ ಒಂದು ತಲೆನೋವು ಹೇಳಲೇಬೇಕು. ನಮ್ಮ ಕಡೆ ಎಷ್ಟೋ ಜನರಿಗೆ ಸರ್‌ನೇಮ್ ಇರುವುದಿಲ್ಲ, ಅಲ್ವಾ? ನನ್ನ ಪಾಸ್‌ಪೋರ್ಟಿನಲ್ಲೂ ಆ ಜಾಗ ಖಾಲಿ. ಆಸ್ಟ್ರೇಲಿಯಾದ ದಾಖಲೆಯಲ್ಲಿ ಮಾತ್ರ ಅಪ್ಪಯ್ಯನ ಹೆಸರನ್ನೇ ಸರ್‌ನೇಮ್ ಮಾಡಿಟ್ಟಿದ್ದರು. ಎರಡೂ ಹೊಂದದೆ ಲಸಿಕೆಯ ಸರ್ಟಿಫಿಕೇಟ್ ಬರಲೇ ಇಲ್ಲ. ಸರಿಮಾಡಿಸಲು ಒಂದು ವಾರ ಫೋನ್ ಹಿಡಿದು ಕೂತೆ. ಟಿಕೆಟ್ ತೆಗೆಯುವ ಮೊದಲೇ ಹೆಸರಿನ ಒಂದೊಂದು ಅಕ್ಷರ ತಾಳೆ ನೋಡಿಕೊಳ್ಳಿ. ಭಾರತಕ್ಕೆ ಬರುವವರು ಆಗ ತುಂಬಬೇಕಿದ್ದ ಏರ್ ಸುವಿಧಾ ಫಾರ್ಮನ್ನು ನಾನು ಕಾಗದದಲ್ಲಿ ಪ್ರಿಂಟ್ ತೆಗೆದಿಟ್ಟುಕೊಳ್ಳಬೇಕಿತ್ತು. ಕೌಂಟರ್ ಮುಂದೆ ನನ್ನ ಮೊಬೈಲ್ ಚಾರ್ಜ್ ಮುಗಿದು ಕಪ್ಪಗಾಗಿದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸಿಂಗಾಪುರ, ಬೆಂಗಳೂರು, ಮಾಸ್ಕು, ರಬ್ಬರಿನಂಥ ಆಮ್ಲೆಟ್ಟು, ಇವನ್ನೆಲ್ಲ ಬಿಡೋಣ. ರಾತ್ರಿ ರೈಲಲ್ಲಿ ಸಾಗರಕ್ಕೆ ಹೊರಟಾಗಲೇ ನನಗೆ ಪ್ರಯಾಣ ಅನ್ನಿಸಿದ್ದು. ಏಸಿ ಬೋಗಿ ಬೇಡವೆಂದು ಸ್ಲೀಪರ್‌ನಲ್ಲೇ ಹೋದೆ. ಗಾಜಿನ ಹಿಂದೆ ಕೂತರೆ ಮಲೆನಾಡಿನ ಗಾಳಿ ಹೇಗೆ ಬರಬೇಕು?

ಸಾಗರದಿಂದ ಬಸ್ಸಲ್ಲಿ ಹೊಳೆಬಾಗಿಲು. ಅಲ್ಲಿಂದ ಆಗ ಶರಾವತಿ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕಿತ್ತು. ಬಸ್ಸು, ಜೀಪು, ಬೈಕು, ಜನ ಎಲ್ಲ ಒಂದೇ ಲಾಂಚಿನಲ್ಲಿ. ಬೇಸಿಗೆಗೆ ನೀರು ಇಳಿದು ದಡದಲ್ಲಿ ಕೆಂಪು ಮಣ್ಣಿನ ಪಟ್ಟೆ ಕಾಣುತ್ತಿತ್ತು. ಅಪ್ಪಯ್ಯ ಆಚೆ ದಡದಲ್ಲಿ ಕಾಯುತ್ತಾನೆ ಅಂದುಕೊಂಡಿದ್ದೆ. ನೋಡಿದರೆ ಈಚೆಗೇ ಬಂದು ನಿಂತಿದ್ದಾನೆ. ತೆಳ್ಳಗಾಗಿದ್ದ. "ಬಂದ್ಯಾ ಕೂಸೇ" ಅಂದವನೇ ಬ್ಯಾಗು ಎತ್ತಿ, "ಎಂತ ಇಷ್ಟು ಭಾರ" ಅಂದ. ಅಷ್ಟೇ.

ಮಗನಿಗೆ ಐದು ತುಂಬುತ್ತಾ ಬಂದಿದೆ. ಹೋದ ಸಲದ್ದು ಅವನಿಗೆ ಒಂದೂ ನೆನಪಿಲ್ಲ. ಅಜ್ಜನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಅಮ್ಮಾ, ಅಜ್ಜಂಗೆ ಕಾಲಿದೆ!" ಅಂದ. ಪಕ್ಕದ ಬೈಕಿನವನೂ ನಕ್ಕ.

ಲಾಂಚ್ ಹೊರಟಿತು. ನೀರಿನಲ್ಲಿ ಸೇತುವೆಯ ಕಂಬಗಳು ಏಳುತ್ತಿದ್ದವು. ಸುಮ್ನೆ ಇರಲಾರದೆ ಹೇಳಿದೆ: "ಸೇತುವೆ ಆದರೆ ಈ ಲಾಂಚಿನ ಚಂದ ಹೋಗತ್ತೆ ಅಪ್ಪಯ್ಯಾ."

"ಚಂದ ಬಂದು ಹೋಗೋವ್ರಿಗೆ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹೋದ ವರ್ಷ ಮೇ ತಿಂಗಳಲ್ಲಿ ಒಂದು ರಾತ್ರಿ ಇಡೀ ಬೆಳಗಿನ ಲಾಂಚಿಗೆ ಕಾದಿದ್ದೆ. ಉಸಿರು ಸಿಗ್ತಿರಲಿಲ್ಲ."

ನನಗೆ ಅರ್ಥವಾಗಲಿಲ್ಲ.

"ಕೊರೋನಾ. ಸಾಗರದ ಆಸ್ಪತ್ರೇಲಿ ಒಂಬತ್ತು ದಿನ ಇದ್ದೆ."

"ಆಗ ನೀ ಅತ್ತೆ ಮನೇಲಿ ಇದ್ಯಲ್ಲ! ದಿನಾ ಮಾತಾಡಿದ್ವಿ."

"ಅತ್ತೆ ಮನೆ ಅಂತ ಹೇಳಿದ್ದೆ. ಮೂಗಲ್ಲಿ ಆಕ್ಸಿಜನ್ ಪೈಪು. ಅದಕ್ಕೇ ಹಣೆ ತೋರಿಸ್ತಿದ್ದೆ. ಹೇಗೂ ನಂಗೆ ಫೋನ್ ಹಿಡಿಯೋಕೆ ಬರಲ್ಲ ಅಂತ ನೀ ಬೈತಿದ್ಯಲ್ಲ, ಅನುಕೂಲ ಆಯ್ತು."

ಬಿಳಿ ಗೋಡೆ ನೆನಪಾಯಿತು. ಅತ್ತೆ ಮನೆಗೆ ಹೊಸ ಬಣ್ಣ ಹೊಡೆಸಿದರಾ ಅಂತ ಕೇಳಿದ್ದೂ ನೆನಪಾಯಿತು. ಅವನು "ಹ್ಞೂಂ" ಅಂದಿದ್ದ.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀ ಎಂತ ಮಾಡ್ತಿದ್ದೆ?"

ಉತ್ತರ ಹುಡುಕಿದೆ. 2021ರ ಮೇ 3ರಿಂದ 15ರವರೆಗೆ, ಹಿಂದಿನ ಹದಿನಾಲ್ಕು ದಿನಗಳಲ್ಲಿ ಭಾರತದಲ್ಲಿದ್ದವರು ಆಸ್ಟ್ರೇಲಿಯಾಕ್ಕೆ ಕಾಲಿಟ್ಟರೆ ಐದು ವರ್ಷದವರೆಗೆ ಜೈಲು, ಇಲ್ಲವೇ 66,600 ಡಾಲರ್‌ವರೆಗೆ ದಂಡ ಅಂತ ಅಲ್ಲಿನ ಸರ್ಕಾರ ಆದೇಶ ಹೊರಡಿಸಿತ್ತು. ಅಲ್ಲಿನ ನಾಗರಿಕರಿಗೂ ಅದೇ. ಆ ಸುದ್ದಿಯನ್ನು ಆಸ್ಪತ್ರೆಯ ಮಂಚದಲ್ಲಿದ್ದ ಇವನಿಗೆ ನಾನೇ ಫೋನಿನಲ್ಲಿ ಓದಿ ಹೇಳಿದ್ದೆ. ಸಿಟ್ಟಿನಿಂದ ಕೂಗಾಡಿದ್ದೆ. ಅವನು ಸುಮ್ಮನೆ ಕೇಳಿಸಿಕೊಂಡಿದ್ದ. ಮಾತಾಡಲು ಉಸಿರಿರಲಿಲ್ಲ ಅಂತ ಈಗ ಗೊತ್ತಾಯಿತು.

"ಅಮ್ಮಂಗೆ ಬೈಬೇಡ. ನಾನೇ ಹೇಳ್ಬೇಡ ಅಂದಿದ್ದೆ. ಮತ್ತೆ ನಮಗೆ ಇದೆಲ್ಲ ಹೊಸತಾ? 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಗಿ ಈ ನೀರು ನಿಂತಾಗಿಂದ ನಮ್ದು ಲಾಕ್‌ಡೌನೇ" ಅಂತ ನಕ್ಕ. ನನಗೆ ನಗು ಬರಲಿಲ್ಲ. ಕಂಬಗಳನ್ನು ಎಣಿಸುವವಳಂತೆ ಆ ಕಡೆ ತಿರುಗಿ ನಿಂತೆ.

ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್ ಬಂತು. ಹಿನ್ನೀರಿನ ನಡುವೆ ಅದು ಹೇಗೆ ನೆಟ್‌ವರ್ಕ್ ಸಿಕ್ಕಿತೋ! ಮಗ ಅಜ್ಜನ ಕೈಯಿಂದ ಫೋನ್ ಕಿತ್ತುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಅಜ್ಜನ ಚಪ್ಪಲಿಯಿಂದ ಶುರುಮಾಡಿ, ನಿಧಾನಕ್ಕೆ ಮೇಲೆ ತೋರಿಸುತ್ತಾ ಹೋದ.