ಹೆಬ್ಬಾರರು ಕೇಳಿದ ಗೋಡೆ

ಮತ್ಸ್ಯಗಂಧ ರೈಲು ಇಳಿದು ಮುಂಬೈಯ ಮಾಟುಂಗದಲ್ಲಿರುವ ಮಾವನ ಮನೆ ಸೇರಿದವಳೇ ಹೇಳಿದೆ, "ಮಾವ, ನಾಳೆ ಚಿತ್ರ ನೋಡಲು ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗೋಣ." ಮಾವ ಮೂವತ್ತು ವರ್ಷ ಗ್ಯಾಲರಿ ಇರುವ ಫೋರ್ಟ್ ಕಡೆಯಲ್ಲೇ ಕೆಲಸ ಮಾಡಿದವರು. ದಿನಾ ಅದೇ ದಾರಿಯಲ್ಲಿ ಓಡಾಡಿದ್ದಾರೆ, ಒಳಗೆ ಮಾತ್ರ ಹೋದವರಲ್ಲ. "ಅದು ದೊಡ್ಡವರ ಜಾಗ ಅಲ್ವಾ?" ಎಂದರು.

ಬೆಳಿಗ್ಗೆ ಕಿಂಗ್ಸ್ ಸರ್ಕಲ್‌ನಲ್ಲಿ ಲೋಕಲ್ ಹತ್ತಿದೆವು. ಸಿಎಸ್‌ಎಂಟಿಯಿಂದ ಕಾಲಾ ಘೋಡಾಕ್ಕೆ ನಡೆದೇ ಹೋದೆವು. ಗ್ಯಾಲರಿಯ ಬಾಗಿಲ ಮೇಲೆ ಕಾಂಕ್ರೀಟಿನ ಚಾವಣಿ ಅಲೆ ಅಲೆಯಾಗಿ ಮುಂದಕ್ಕೆ ಚಾಚಿದೆ. ಅದರ ನೆರಳಲ್ಲಿ ನಿಂತು ಮಾವ ಜೇಬಿಗೆ ಕೈ ಹಾಕಿದರು. "ಟಿಕೆಟ್ ಎಲ್ಲಿ?" ಟಿಕೆಟ್ ಇಲ್ಲ. ಕಾವಲುಗಾರ ಒಳಗೆ ಹೋಗಿ ಅಂತ ಕೈ ತೋರಿಸಿದ.

ಪಾರ್ಸಿ ಸಿರಿವಂತ ಸರ್ ಕಾವಸ್‌ಜಿ ಜಹಾಂಗೀರ್ ತೀರಿಹೋದ ಮಗನ ನೆನಪಿಗೆ ಪೂರ್ತಿ ಖರ್ಚು ಕೊಟ್ಟು ಕಟ್ಟಿಸಿದ್ದು ಇದು. ತೆರೆದದ್ದು 1952ರಲ್ಲಿ. ಕಟ್ಟಿಸಿ ಅಂತ ಅವರ ಬೆನ್ನು ಹತ್ತಿದವರು ಇಬ್ಬರು. ಒಬ್ಬರು ವಿಜ್ಞಾನಿ ಹೋಮಿ ಭಾಭಾ. ಇನ್ನೊಬ್ಬರು ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು! ಇದನ್ನು ಹೇಳಿದಾಗ ಮಾವ ಗೋಡೆಯನ್ನೊಮ್ಮೆ ಮುಟ್ಟಿ ನೋಡಿದರು.

ಆ ಕಾಲದಲ್ಲಿ ಹೊಸ ಚಿತ್ರ ಬರೆಯುವವರಿಗೆ ಬೇಕಿದ್ದದ್ದೇ ಚಿತ್ರ ತೂಗುಹಾಕಿ ತೋರಿಸುವ ಗೋಡೆ. 1947ರಲ್ಲಿ ಪ್ರೋಗ್ರೆಸಿವ್ ಎಂಬ ಕಲಾವಿದರ ಗುಂಪು ಕಟ್ಟಿದವರಲ್ಲಿ ಎಂ.ಎಫ್. ಹುಸೇನ್ ಸಿನಿಮಾ ಹೋರ್ಡಿಂಗ್ ಬರೆದವರು, ಕೆ.ಎಚ್. ಆರಾ ಕಾರು ತೊಳೆದವರು. ಅವರ ಚಿತ್ರ ಕೊಂಡವರಲ್ಲಿ ನಾಜಿಗಳ ಕಾಟಕ್ಕೆ ವಿಯೆನ್ನಾ ಬಿಟ್ಟು ಬಂದ ಔಷಧ ಉದ್ಯಮಿ ಶ್ಲೆಸಿಂಗರ್ ಒಬ್ಬರು. ಫ್ರೇಮ್ ಮಾಡಿಸುವ ಕೇಕೂ ಗಾಂಧಿ ತಮ್ಮ ಅಂಗಡಿಯ ಗಾಜಿನ ಕಿಟಕಿಯಲ್ಲೇ ಈ ಚಿತ್ರಗಳನ್ನು ಇಟ್ಟು ಬೀದಿಯವರಿಗೆ ತೋರಿಸಿದರು. 1963ರಲ್ಲಿ ಅವರು ಗ್ಯಾಲರಿ ಕೆಮೋಲ್ಡ್ ಶುರು ಮಾಡಿದ್ದೂ ಇದೇ ಜಹಾಂಗೀರ್ ಕಟ್ಟಡದ ಮೇಲಿನ ಮಹಡಿಯಲ್ಲಿ. ಚಿತ್ರ ಕೊಂಡವರ ಋಣ ದೊಡ್ಡದೇ. ಆದರೆ ಕೊಳ್ಳಲಾಗದವರಿಗೂ ಬಾಗಿಲು ತೆರೆದಿಟ್ಟದ್ದು ನನಗೆ ಇನ್ನೂ ಜಾಸ್ತಿ ಅನಿಸುತ್ತದೆ.

ಒಳಗೆ ಟಿಫಿನ್ ಚೀಲ ಹೆಗಲಿಗೆ ಹಾಕಿಕೊಂಡ ಒಬ್ಬರು ಒಂದು ನೀಲಿ ಚಿತ್ರದ ಮುಂದೆ ಸುಮ್ನೆ ನಿಂತಿದ್ದರು. ಮಾವ ಹೋಗಿ ಅವರ ಪಕ್ಕ ನಿಂತರು. ನಾನು ಕರೆಯಲಿಲ್ಲ. ಮೂರು ಹಾಲ್ ಸುತ್ತಿ ಬರುವಷ್ಟರಲ್ಲೂ ಅಲ್ಲೇ ಇದ್ದರು.

ಹೊರಗೆ ಬಂದ ಮೇಲೆ ಕಾವಲುಗಾರನನ್ನು ಕೇಳಿದರು, ಚಿತ್ರ ಬದಲಾಗುವುದು ಯಾವಾಗ ಅಂತ. ಮಂಗಳವಾರ ಎಂದ.

"ಹಾಗಾದ್ರೆ ಬುಧವಾರ ನಿನ್ನ ಅತ್ತೆಯನ್ನೂ ಕರ್ಕೊಂಡು ಬರ್ತೇನೆ" ಎಂದರು ಮಾವ.