ಚಿಯಾಂಗ್ ಮಾಯ್‌ಗೆ ಹೋಗುವವರು 'ಥಾ' ಕಲಿತು ಹೋಗಿ

ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ದುಡ್ಡು ಜಾಸ್ತಿ ಹೋಗಿದ್ದು ಒಂದೇ ಒಂದು ಪದ ಕಿವಿಗೆ ಬೀಳದೆ. ಆ ಪದ 'ಥಾ'. ನಮ್ಮ 'ಬಂದರೆ', 'ಹೋದರೆ'ಗಳ ಕೊನೆಯಲ್ಲಿ 'ರೆ' ಇದೆ ಅಲ್ವಾ, ಥಾಯ್ ಭಾಷೆಯಲ್ಲಿ ಆ ಕೆಲಸ ಮಾಡುವುದು ಇದು.

ದೊಯಿ ಸುಥೆಪ್ ಬೆಟ್ಟದ ದೇವಸ್ಥಾನಕ್ಕೆ ಚಾಂಗ್ ಫುಅಕ್ ಗೇಟ್ ಹತ್ತಿರ ಕೆಂಪು ಸೊಂಗ್‌ತೇವ್ ಸಿಗುತ್ತವೆ. ಹಿಂದೆ ಎದುರುಬದುರು ಎರಡು ಬೆಂಚು ಹಾಕಿದ ಪಿಕಪ್ ಗಾಡಿ. ಡ್ರೈವರ್ "ಥಾ ಖ್ರೊಪ್ ಸಿಪ್ ಖೊನ್ ಕೊ ಪೈ" ಅಂದರು. ನನಗೆ ಗೊತ್ತಿದ್ದದ್ದು ಎರಡೇ ಪದ: 'ಸಿಪ್' ಅಂದರೆ ಹತ್ತು, 'ಪೈ' ಅಂದರೆ ಹೋಗು. ಹತ್ತು ನಿಮಿಷಕ್ಕೆ ಹೊರಡುತ್ತೆ ಅಂದುಕೊಂಡು ಹತ್ತಿ ಕೂತೆವು. ಅವರು ಹೇಳಿದ್ದು, ಹತ್ತು ಜನ ಆದರೆ ಹೋಗ್ತೀನಿ ಅಂತ. ನಾವಿದ್ದದ್ದು ಮೂವರು.

ಒಂದೂವರೆ ಗಂಟೆ ಆ ಬೆಂಚಿನ ಮೇಲೆ ಬೆಂದೆವು. ತಗಡಿನ ಚಾವಣಿ, ಪಕ್ಕದಲ್ಲೇ ಟ್ರಾಫಿಕ್ ಹೊಗೆ. ಆಮೇಲೆ ಡ್ರೈವರ್ ಬಂದು "ಥಾ ಮಾವ್ ಕೊ ಪೈ ಲೆಯ್" ಅಂದರು. 'ಪೈ ಲೆಯ್', ಅಂದರೆ 'ಈಗಲೇ ಹೋಗೋಣ', ಅನ್ನುವುದಷ್ಟೇ ಕೇಳಿಸಿತು. ತಲೆಯಾಡಿಸಿದೆ. 'ಮಾವ್' ಅಂದರೆ ಇಡೀ ಗಾಡಿ ಬಾಡಿಗೆಗೆ ತಗೊಳ್ಳುವುದು. ಬೆಟ್ಟದ ಮೇಲೆ ಇಳಿದಾಗ ಹತ್ತು ಜನರ ದುಡ್ಡು ಮೂವರೇ ಕೊಟ್ಟೆವು. ಮೋಸ ಅಂತ ಬೈಯೋಕೂ ಆಗಲ್ಲ, ಷರತ್ತನ್ನು ಎರಡೂ ಸಲ ಬಾಯಿಬಿಟ್ಟು ಹೇಳಿದ್ದರು.

ನಮ್ಮ ಕಿವಿ ಷರತ್ತನ್ನು ಕ್ರಿಯಾಪದದ ಬಾಲದಲ್ಲಿ ಹುಡುಕುತ್ತೆ. ಥಾಯ್‌ನಲ್ಲಿ ಅದು ಮಾತಿನ ತಲೆಯಲ್ಲೇ ಬಂದು ಹೋಗಿರುತ್ತೆ. ಎಷ್ಟೋ ಸಲ 'ಥಾ' ಬಿಟ್ಟೇ ಮಾತಾಡ್ತಾರೆ. ಆಗ ನಡುವಿನ 'ಕೊ' ಒಂದೇ ಗುರುತು. "ಫೊನ್ ತೊಕ್ ಕೊ ಮಾಯ್ ಪೈ" ಅಂದರೆ, ಮಳೆ ಬಂದರೆ ಹೋಗಲ್ಲ.

ಇದನ್ನೆಲ್ಲ ಕಲಿಸಿದ್ದು ಹಳೇ ಊರಿನ ಕಂದಕದ ಪಕ್ಕದ ಗಲ್ಲಿಯ ಒಂದು 'ಚೇ', ಅಂದರೆ ಶುದ್ಧ ಸಸ್ಯಾಹಾರಿ, ಊಟದ ಅಂಗಡಿ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಮಾಂಸ, ಮೊಟ್ಟೆ, ಮೀನಿನ ಸಾಸ್ ಇರಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕಲ್ಲ. ಅನ್ನದ ಮೇಲೆ ಎರಡು ಪಲ್ಯ, ನಾವು ಹೋದಾಗ 40 ಬಾತ್ (ಬಾತ್ ಅಂದರೆ ಥಾಯ್ ದುಡ್ಡು). ಅಣಬೆ ಹಾಕಿದ ಖಾವ್ ಸೊಯ್ ಅಂತೂ ನಾಲ್ಕು ದಿನ ಬಿಡದೆ ತಿಂದೆ. ತೆಂಗಿನಹಾಲಿನ ಸಾರು, ಒಳಗೆ ಮೆತ್ತನೆಯ ನೂಡಲ್ಸ್, ಮೇಲೆ ಗರಿಗರಿ ಕರಿದ ನೂಡಲ್ಸ್, ಪಕ್ಕದಲ್ಲಿ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ ಮತ್ತು ಅರ್ಧ ನಿಂಬೆ. ಖಾರ ಕಡಿಮೆ ಮಾಡಿ ಅಂದಿದ್ದಕ್ಕೆ ಅಂಗಡಿಯಮ್ಮ ನಕ್ಕು, "ಥಾ ಮಾಯ್ ಫೆಟ್ ಕೊ ಮಾಯ್ ಅರೊಯ್" ಅಂದರು. ಖಾರ ಇಲ್ಲದಿದ್ದರೆ ರುಚಿ ಇಲ್ಲ! ಆ ಒಂದು ವಾಕ್ಯದಲ್ಲೇ ನನಗೆ ಪೂರ್ತಿ ಅಚ್ಚು ಸಿಕ್ಕಿತು.

ಗಾಡಿಯ ಕಥೆ ಹೇಳಿದೆ. ಅವರ ಮಗಳಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. "ಥಾ ರೂ ಕೊ ಮಾಯ್ ಪೈ" ಅಂತ ಹೇಳಿಕೊಟ್ಟಳು. ನಮ್ಮಲ್ಲಿ 'ಗೊತ್ತಾದರೆ ಹೋಗಲ್ಲ' ಬೇರೆ, 'ಗೊತ್ತಿದ್ದಿದ್ದರೆ ಹೋಗ್ತಿರಲಿಲ್ಲ' ಬೇರೆ. ಅಲ್ಲಿ ಎರಡಕ್ಕೂ ಇದೇ ಮಾತು ನಡೆಯುತ್ತೆ. ಕ್ರಿಯಾಪದ ಬದಲಾಗುವುದೇ ಇಲ್ಲ, ಸಂದರ್ಭ ನೋಡಿ ತಿಳಿಯಬೇಕು. 'ಮಾಯ್ ಙಾನ್' ಕೂಡ ನೆನಪಿಡಿ, 'ಇಲ್ಲದಿದ್ದರೆ' ಅಂತ. ವರ್ಣಮಾಲೆಯಲ್ಲಿ ಸುಮ್ನೆ ಕಲಿತ ಙ ಅಲ್ಲಿ ದಿನವೂ ಬೇಕಾಗುತ್ತೆ.

 

ಕೊನೇ ದಿನ ಇನ್ನೊಂದು ಸೊಂಗ್‌ತೇವ್. ಅದೇ ಮಾತು, "ಖ್ರೊಪ್ ಸಿಪ್ ಖೊನ್ ಕೊ ಪೈ". ಈ ಸಲ ಹತ್ತುವ ಮುಂಚೆಯೇ "ಥಾ ಮಾಯ್ ಖ್ರೊಪ್ ಲಾ?" ಅಂದೆ. ಜನ ಆಗದಿದ್ದರೆ? ಡ್ರೈವರ್ ಬೆರಳು ಎಣಿಸಿ, ಐದು ಜನ ಆದರೂ ಸಾಕು, ತಲೆಗೆ ಇಷ್ಟು ಅಂತ ರೇಟ್ ಹೇಳಿದರು. ಇಪ್ಪತ್ತು ನಿಮಿಷದಲ್ಲಿ ಹೊರಟೆವು.